ಬನ್ನಿಗಿಡ ಇಲ್ಲೇ ಐತಿ

ನಮ್ಮ ಬ್ಯಾಡಗಿ ಕಡೆಯ ಜನರಲ್ಲಿ ಒಂದು ಗುಣವಿದೆ. ದಾರಿ ಕೇಳಿದವರನ್ನು ನಾವು ಎಂದೂ ನಿರಾಸೆ ಮಾಡುವುದಿಲ್ಲ. ಕಾಗಿನೆಲೆಗೆ ನಡೆದುಕೊಂಡು ಹೊರಟವರು ಬಾಯಾರಿ ನಮ್ಮ ಮನೆಯ ಮುಂದೆ ನಿಂತು ಇನ್ನೆಷ್ಟು ದೂರ ಎಂದು ಕೇಳಿದರೆ, ಒಂದು ತಂಬಿಗೆ ನೀರು ಕೊಟ್ಟು "ಇಲ್ಲೇ ಐತ್ರಿ" ಎನ್ನುತ್ತೇವೆ. ಹಾವೇರಿಯೂ ನಮಗೆ ಇಲ್ಲೇ ಐತಿ, ರಾಣೆಬೆನ್ನೂರೂ ಇಲ್ಲೇ ಐತಿ. ದಣಿದವರ ಮುಖ ನೋಡಿ ದೂರ ಎನ್ನಲು ಬಾಯಾದರೂ ಹೇಗೆ ಬರಬೇಕು. ಇದಕ್ಕೆ ಸುಳ್ಳು ಎಂಬ ಹೆಸರಿದೆ ಎಂದು ಅರವತ್ತು ದಾಟುವ ತನಕ ನನಗೆ ಯಾರೂ ಹೇಳಿರಲಿಲ್ಲ. ಹೇಳಿದವಳು ನನ್ನ ಮೊಮ್ಮಗಳು ತನ್ವಿ. ಆಗ ಅವಳಿಗೆ ಐದು ವರ್ಷ. ನಡುದಾರಿಯಲ್ಲಿ ಕುಳಿತುಬಿಟ್ಟು, "ಬನ್ನಿಗಿಡ ಇಲ್ಲೇ ಐತಿ ಅಂದಿ. ಎಲ್ಲೈತಿ? ಆಯಿ, ನೀ ಸುಳ್ಳ ಹೇಳ್ತಿ" ಎಂದಳು. ಶಾಲೆಯಲ್ಲಿ ಮೂರನೇ ಇಯತ್ತೆಯ ತನಕ ಕಲಿತವಳು ನಾನು. ಇಲ್ಲೇ ಎಂದರೆ ಎಷ್ಟು ದೂರ ಎಂದು ಅಲ್ಲಿ ಕಲಿಸಿರಲಿಲ್ಲ.

ತನ್ವಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ಎಡಗಾಲಿಗೆ ಬಲ ಕಡಿಮೆ. ಓರಗೆಯ ಮಕ್ಕಳು ಓಣಿ ತುಂಬ ಓಡಾಡುವಾಗ ಇವಳು ಕಟ್ಟೆಗೆ ಆತು ನಿಂತು ನೋಡುತ್ತಿದ್ದಳು. ಹಾವೇರಿಯ ಡಾಕ್ಟರು ಆ ಕಾಲನ್ನು ಹಿಂದೆ ಮುಂದೆ ಮಡಿಚಿ ನೋಡಿ, "ಇದಕ್ಕ ನಡಿಗೀನ ಔಷಧರಿ. ದಿನಾ ಒಂದೀಟು ಹೆಚ್ಚು ನಡಸ್ರಿ. ಬಿದ್ದರ ತಾನ ಏಳಲಿ. ಯಾರೂ ಎತಗೋಬ್ಯಾಡ್ರಿ" ಎಂದರು. ಕೊನೆಯ ಮಾತು ಹೇಳುವಾಗ ಅವರು ನನ್ನ ಕಡೆ ನೋಡಿದರು. ಅಜ್ಜಿಯರನ್ನು ಬಹಳ ನೋಡಿದ ಡಾಕ್ಟರು ಅವರು.

ಮಗ ಗೂಡ್ಸ್ ಗಾಡಿ ಓಡಿಸುತ್ತಾನೆ, ಸೊಸೆ ಸುಮಾ ಅಂಗನವಾಡಿಯಲ್ಲಿ ಟೀಚರು. ಹೀಗಾಗಿ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಜನ್ಮವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು. ಬೆಳಿಗ್ಗೆ ರಾಶಿಯ ಮುಂದೆ ಕುಳಿತರೆ ಹೊತ್ತು ಇಳಿಯುವ ತನಕ ಏಳುವ ಮಾತಿಲ್ಲ. ನಡೆಯುವುದು ನನಗೂ ಹೊಸತೇ. ನಮ್ಮ ಯಜಮಾನರು ಮೊದಲ ದಿನ ಅಂಗಳದಲ್ಲಿ ನಿಂತು, "ಕುಂತ ಕುಂತ ಮುದುಕಿ ಆದಾಕಿ ಕೂಸಿಗೆ ನಡಿಯೂದ ಕಲಸಾಕ ಹೊಂಟಾಳ. ಇಬ್ಬರೊಳಗ ಯಾರ ಕೈ ಯಾರ ಹಿಡದಾರ ನೋಡ್ರಿ" ಎಂದು ಎದುರು ಮನೆಯವರಿಗೆ ಕೇಳುವ ಹಾಗೆ ಹೇಳಿದರು. ನಾವಿಬ್ಬರೂ ಅವರ ಕಡೆ ನೋಡದೆ ಹೊರಟೆವು. ನಮ್ಮ ಎರಡೆಕರೆ ಹೊಲ, ಅದರ ಬದುವಿನ ಮೇಲೆ ಒಂದು ಬನ್ನಿಗಿಡ. ಮನೆಯಿಂದ ಅಲ್ಲಿಗೆ ಮುಟ್ಟುವುದೇ ನಮ್ಮ ಗುರಿ. ದಾರಿಯಲ್ಲಿ ಮೊದಲು ನೀರಿನ ಟಾಕಿ, ಆಮೇಲೆ ಹಳ್ಳದ ಸಣ್ಣ ಸೇತುವೆ, ಆಮೇಲೆ ಹೊಲ. ಚಳಿಗಾಲವೆಲ್ಲ ನಾವು ಟಾಕಿಯ ಆಚೆ ಹೋಗಲಿಲ್ಲ. ನನ್ನ ಬುದ್ಧಿ ನೋಡಿ: ದಾರಿಯ ಮುಳ್ಳುಕಂಟಿಗಳ ಬಾರಿಹಣ್ಣಿನ ಆಸೆ ತೋರಿಸಿ ನಡೆಸಬೇಕು ಎಂದುಕೊಂಡೆ. ಅವಳು ಪ್ರತಿ ಕಂಟಿಯ ಬುಡದಲ್ಲಿ ಕುಳಿತು ಹಣ್ಣು ಮುಗಿಯುವ ತನಕ ಏಳಲಿಲ್ಲ. ನಾನೂ ಕುಳಿತೆ. ಹಣ್ಣು ಚೆನ್ನಾಗಿದ್ದವು.

ಬೇಸಿಗೆ ಬಂತು. ನಮ್ಮೂರಿನ ಬೇಸಿಗೆ ಎಂದರೆ ನೆಲವೆಲ್ಲ ಕೆಂಪು. ಖಾಲಿ ಜಾಗ ಇದ್ದಲ್ಲೆಲ್ಲ ಮೆಣಸಿನಕಾಯಿ ಹಾಸಿರುತ್ತಾರೆ. ನಾವಿಬ್ಬರೂ ಹೆಜ್ಜೆಗೊಂದು ಸೀನು ಸೀನುತ್ತ ಸೇತುವೆಯ ತನಕ ಹೋಗಿ ಬರತೊಡಗಿದೆವು. ಒಂದು ಭಾನುವಾರ ಎಲ್ಲರೂ ಬುತ್ತಿ ಕಟ್ಟಿಕೊಂಡು ಗಳಗನಾಥಕ್ಕೆ ಹೋದೆವು. ಗುಡಿಯ ಹಿಂದೆ ಎರಡು ಹೊಳೆ ಕೂಡುವಲ್ಲಿ ನೀರು ಕೆಳಗಿಳಿದು ಉಸುಕು ತೆರೆದುಕೊಂಡಿತ್ತು. ಉಸುಕಿನಲ್ಲಿ ನಡೆದರೆ ಕಾಲಿಗೆ ಒಳ್ಳೆಯದೆಂದು ಅವಳನ್ನು ಬರಿಗಾಲಲ್ಲಿ ಬಿಟ್ಟೆ. ನಡೆದಳು. ಹಿಂದೆ ನೋಡಿದರೆ ಅವಳ ಹೆಜ್ಜೆಗಳು ಮೂಡಿದ್ದವು: ಒಂದು ಪೂರಾ ಪಾದ, ಒಂದು ಬರೀ ಬೆರಳಿನ ಗೀರು. ಒಂದು ಪೂರಾ, ಒಂದು ಗೀರು. ನೀರಿನ ತನಕ ಹಾಗೆಯೇ ಹೋಗಿತ್ತು. ಸುಮಾ ಗುಡಿಯಿಂದ ಇಳಿದು ಬರುತ್ತಿದ್ದಳು. ಅವಳ ಕಣ್ಣಿಗೆ ಬೀಳುವುದು ಬೇಡವೆಂದು ಆ ಗೀರುಗಳನ್ನೆಲ್ಲ ನನ್ನ ಕಾಲಿನಿಂದ ಅಳಿಸುತ್ತ ಬಂದೆ.

"ಆಯಿ, ನನ್ನ ಹೆಜ್ಜಿ ಯಾಕ ಅಳಸಾಕತ್ತಿ?"

"ಹೊಳಿ ನೀರ ಬಂದು ಹೆಂಗೂ ಅಳಸ್ತೈತಿ, ನನ್ನವ್ವಾ."

"ನೀರ ಅಲ್ಲಿ ದೂರ ಐತಿ" ಎಂದಳು. ನಮ್ಮ ಮನೆತನದಲ್ಲಿ ದೂರ ಇದ್ದದ್ದನ್ನು ದೂರ ಎಂದು ಹೇಳಿದವರಲ್ಲಿ ಇವಳೇ ಮೊದಲಿಗಳು.

ಮಳೆಗಾಲದಲ್ಲಿ ನಾನು ಕಳ್ಳಿಯಾದೆ. ಸೇತುವೆ ದಾಟಿದರೆ ಎರೆಭೂಮಿ. ಒಂದು ಮಳೆ ಬಿದ್ದರೆ ಕರಿಮಣ್ಣು ಬೂಟಿಗೆ ರೊಟ್ಟಿಯ ಹಾಗೆ ಅಂಟುತ್ತದೆ, ಹೆಜ್ಜೆ ಹೆಜ್ಜೆಗೂ ದಪ್ಪವಾಗುತ್ತದೆ. ಗಟ್ಟಿ ಕಾಲಿನವರೇ ಅಲ್ಲಿ ಕಾಲು ಕಿತ್ತಿಡಲು ಒದ್ದಾಡುತ್ತಾರೆ. ಅವಳು ತುಟಿ ಕಚ್ಚಿಕೊಂಡು ಆ ಎಡಗಾಲನ್ನು ಎಳೆಯುವುದನ್ನು ಎರಡು ದಿನ ನೋಡಿದೆ. ಮೂರನೆಯ ದಿನ ಆಚೀಚೆ ಯಾರೂ ಇಲ್ಲದ್ದನ್ನು ನೋಡಿ ಅವಳನ್ನು ಎತ್ತಿ ಬಗಲಲ್ಲಿ ಕೂರಿಸಿಕೊಂಡೆ. ಹೀಗೆ ವಾರ ನಡೆಯಿತು. ಒಂದು ಸಂಜೆ ಸುಮಾ ಬಾಗಿಲಲ್ಲಿ ಬೂಟು ಕೈಯಲ್ಲಿ ಹಿಡಿದು, "ಅತ್ತೀ, ಹೊಲದ ತನಕಾ ಹೋಗಿಬಂದ ಬೂಟು ಇಷ್ಟ ಸ್ವಚ್ಛ ಹೆಂಗ ಅದಾವ್ರಿ?" ಎಂದಳು. "ಹುಲ್ಲಿನ ಮ್ಯಾಲ ನಡಿಸೀನವಾ" ಎಂದೆ. ಮರುದಿನ ಜಾಗ್ರತೆ ಮಾಡಿದೆ. ಮನೆಗೆ ಬರುವ ಮೊದಲು ಟಾಕಿಯ ಹತ್ತಿರ ಕುಳಿತು ಅವಳ ಬೂಟಿನ ತಳಕ್ಕೆ ಕೈಯಾರೆ ಮಣ್ಣು ಮೆತ್ತಿದೆ. ಸುಮಾ ನೋಡಿದಳು. ತಳದ ಮಣ್ಣನ್ನು ಉಗುರಿನಿಂದ ಕೆರೆದಳು. ಆಮೇಲೆ, "ನಮ್ಮ ಹೊಲದ ಮಣ್ಣು ಯಾವಾಗ ಕೆಂಪಾತ್ರಿ?" ಎಂದಳು. ಟಾಕಿಯ ಸುತ್ತ ಕೆಂಪು ಮಣ್ಣು. ಆ ನೆಲದ ಮೇಲೆ ಇಷ್ಟು ವರ್ಷ ಬಾಳಿದ ನನಗೆ ಅವಸರದಲ್ಲಿ ಅದು ಹೊಳೆಯಲೇ ಇಲ್ಲ.

ಸುಮಾ ಕೂಗಾಡುವವಳಲ್ಲ. ಬೂಟನ್ನು ಕೆಳಗಿಟ್ಟು, "ಅತ್ತೀ, ನೀವು ಎಷ್ಟ ದಿನಾ ಎತಗೊಂಡು ತಿರಗತೀರಿ? ನಿಮ್ಮ ಕಡಿಂದ ಆಗಲಾರದ ದಿವಸ ಆಕಿ ಏನ ಮಾಡಬೇಕ್ರಿ?" ಎಂದು ಮೆಲ್ಲಗೆ ಕೇಳಿ ಒಳಗೆ ಹೋದಳು. ಮರುದಿನದಿಂದ ಎತ್ತಿಕೊಳ್ಳಲಿಲ್ಲ. ಕರಿಮಣ್ಣಿನಲ್ಲಿ ಅವಳು ಬಿದ್ದಳು, ಎದ್ದಳು. ನಾನು ನನ್ನ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತೆ. ಶ್ರಾವಣ ಮುಗಿಯುವ ಹೊತ್ತಿಗೆ ಬನ್ನಿಗಿಡ ಮುಟ್ಟಿದೆವು. ಅವಳು ಅದರ ಬೊಡ್ಡೆಯ ಮೇಲೆ ಕೈಯಿಟ್ಟು, "ಈಗ ಇಲ್ಲೇ ಐತಿ" ಎಂದಳು.

ಅಲ್ಲಿಗೆ ನಿಂತಿದ್ದರೆ ಸಾಕಿತ್ತು ನನಗೆ. ಆದರೆ ಸೀಗಿ ಹುಣ್ಣಿಮೆ ಬಂತು. ಅಂದು ನಮ್ಮಲ್ಲಿ ಹೊಲಕ್ಕೆ ಹೋಗಿ ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಮಾಡಿದ ಅಡಿಗೆಯನ್ನೆಲ್ಲ ಒಂದು ಬುಟ್ಟಿಯಲ್ಲಿ ಕಲಸಿ ಬೆಳೆಯ ಸುತ್ತ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುತ್ತಾರೆ. ಭೂಮಿತಾಯಿ ಬಸುರಿ, ಅವಳ ಬಯಕೆಯ ಊಟ ಅದು. ಮುಂದಿನವರು "ಹುಲ್ಲುಲ್ಲಿಗೋ" ಎಂದು ಕೂಗಿ ಚರಗ ಚೆಲ್ಲುತ್ತ ಹೋಗಬೇಕು, ಹಿಂದಿನವರು "ಚಳ್ಳಂಬರಿಗೋ" ಎಂದು ಓಗೊಟ್ಟು ಅದರ ಮೇಲೆ ತಂಬಿಗೆಯಿಂದ ನೀರು ಬಿಡುತ್ತ ಬರಬೇಕು. ಊರೂರಿಗೆ ಕೂಗು ಬೇರೆ, ಅರ್ಥ ಯಾರಿಗೂ ಗೊತ್ತಿಲ್ಲ. ನಮ್ಮ ಅತ್ತೆ ಅದಕ್ಕೆ ಇನ್ನೆರಡು ಕಟ್ಟಳೆ ಸೇರಿಸಿದ್ದರು: ಮುಂದಿನವರು ಹಿಂತಿರುಗಿ ನೋಡಬಾರದು, ಹಿಂದಿನವರು ತಂಬಿಗೆ ಕೆಳಗಿಡಬಾರದು. ನಮ್ಮ ಮನೆಯಲ್ಲಿ ಚರಗ ನನ್ನದು, ನೀರು ಯಜಮಾನರದು. ಈ ಸಲ ತನ್ವಿ ತಂಬಿಗೆಗೆ ಜೋತುಬಿದ್ದು, "ನೀರ ನಾ ಬಿಡಾಕಿ" ಎಂದಳು.

"ಆ ಮೂಲಿ ತನಕಾ ಬಾ ನನ್ನವ್ವಾ, ಸಾಕು" ಎಂದೆ.

"ಪೂರಾ ಸುತ್ತು. ಆಯಿ, ನೀ ಹೊಳ್ಳಿ ನೋಡಬಾರದು. ಆಣಿ ಮಾಡು."

ಆಣೆ ಮಾಡಿಸಿಕೊಂಡೇ ಬಿಟ್ಟಳು. ನಾನು ತಿರುಗಿದರೆ ಏನು ಮಾಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಹೊರಟೆವು. ಹಿಂದಿನ ವಾರದ ಮಳೆಗೆ ಬದು ಇನ್ನೂ ಮೆತ್ತಗಿತ್ತು. ಮೆಣಸಿನ ಗಿಡ ಮೊಣಕಾಲುದ್ದ, ಹೂವು ಬಿಟ್ಟಿತ್ತು. ನಾನು ಕೂಗುತ್ತೇನೆ, ಹಿಂದಿನಿಂದ ಸಣ್ಣ ದನಿ ಓಗೊಡುತ್ತದೆ. ಒಂದು ಹೆಜ್ಜೆ ಗಟ್ಟಿ, ಒಂದು ಎಳೆತ. ಗಟ್ಟಿ, ಎಳೆತ. ನನ್ನ ಪ್ರಾಣವೆಲ್ಲ ಬೆನ್ನಿಗೆ ಬಂದು ಕುಳಿತಿತ್ತು. ಮೊದಲ ಮೂಲೆ ತಿರುಗಿದೆವು. ಎರಡನೆಯದೂ ಆಯಿತು. ಮೂರನೆಯ ಮೂಲೆಯ ಹತ್ತಿರ ಹಿಂದೆ ದೊಪ್ಪೆಂದಿತು. ನಾನು ನಿಂತೆ. "ಹುಲ್ಲುಲ್ಲಿಗೋ" ಎಂದೆ. ಅವಳು ಓಗೊಡಲಿಲ್ಲ. ಇನ್ನೊಮ್ಮೆ ಕೂಗಿದೆ. ಕುತ್ತಿಗೆ ತಾನಾಗಿಯೇ ಹೊರಳುತ್ತಿತ್ತು. ಬುಟ್ಟಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು, ಹೂ ಬಿಟ್ಟ ಒಂದು ಗಿಡವನ್ನೇ ದಿಟ್ಟಿಸಿ ನೋಡುತ್ತ ನಿಂತೆ. ಆ ಗಿಡಕ್ಕೆ ಎಷ್ಟು ಹೂವಿದ್ದವು ಎಂದು ಈಗಲೂ ಹೇಳಬಲ್ಲೆ.

"ಹೊಳ್ಳಿ ನೋಡಬ್ಯಾಡ ಆಯಿ. ಬರಾಕತ್ತೇನಿ." ಆಮೇಲೆ ಏದುಸಿರಿನಲ್ಲಿ, "ಚಳ್ಳಂಬರಿಗೋ."

ಉಳಿದ ಬದು ನಾನು ಹೇಗೆ ನಡೆದೆನೋ ನೆನಪಿಲ್ಲ. ಬನ್ನಿಗಿಡದ ಕೆಳಗೆ ಬುಟ್ಟಿ ಇಟ್ಟು ತಿರುಗಿದಾಗ ಅವಳು ನನ್ನ ಸೆರಗಿನ ಹಿಂದೆಯೇ ನಿಂತಿದ್ದಳು. ಮೊಣಕಾಲ ತನಕ ಕರಿಮಣ್ಣು, ಕೈಯಲ್ಲಿ ತಂಬಿಗೆ. ಬಿದ್ದಾಗ ನೀರೆಲ್ಲ ಚೆಲ್ಲಿಹೋಗಿ, ಕೊನೆಯ ಬದುವಿಗೆ ಖಾಲಿ ತಂಬಿಗೆಯನ್ನೇ ಬಗ್ಗಿಸುತ್ತ ಬಂದಿದ್ದಳು. ತಂಬಿಗೆಯನ್ನು ಮಾತ್ರ ಕೆಳಗೆ ಇಟ್ಟಿರಲಿಲ್ಲ. ಸುಮಾ ಅಳುತ್ತ ನಗುತ್ತ ಇದ್ದಳು. ಯಜಮಾನರು ಟವೆಲಿನಿಂದ ಮುಖ ಒರೆಸಿಕೊಂಡು, "ನೀ ನೋಡಬೇಕಿತ್ತಲೇ" ಎಂದರು.

ನೋಡದವಳು ನಾನೊಬ್ಬಳೇ. ವರ್ಷವಿಡೀ ಯಾವುದಕ್ಕಾಗಿ ಬಾರಿಹಣ್ಣು ತಿಂದೆನೋ, ಸೀನಿದೆನೋ, ಸುಳ್ಳು ಹೇಳಿದೆನೋ, ಅದು ನನ್ನ ಬೆನ್ನ ಹಿಂದೆ ನಡೆದುಹೋಯಿತು. ಅವಳು ಹೇಗೆ ಎದ್ದಳು ಎಂದು ಈಗ ಹೊತ್ತು ಸಿಕ್ಕಾಗಲೆಲ್ಲ ಮನೆಯವರನ್ನು ಕೇಳುತ್ತೇನೆ. ಅವಳು ಗಿಡ ಹಿಡಿದುಕೊಂಡು ಎದ್ದಳು ಎನ್ನುತ್ತಾರೆ ಯಜಮಾನರು. ಏನನ್ನೂ ಹಿಡಿಯದೆ ಎದ್ದಳು ಎನ್ನುತ್ತಾಳೆ ಸುಮಾ. ಯಜಮಾನರು ಎದುರಿಗೆ ನಿಂತು ಸುಮಾಳ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದರು. ಆಸೆಯಿಂದ ನೋಡಿದೆ. ವಿಡಿಯೊ ತುಂಬ ನಾನೇ. ನನ್ನ ಅಗಲದ ಹಿಂದೆ ಆ ಕೂಸು ಪೂರಾ ಮುಚ್ಚಿಹೋಗಿದೆ. ಬಿದ್ದ ಹೊತ್ತಿಗೆ ಇವರು ಗಾಬರಿಯಲ್ಲಿ ಮೊಬೈಲನ್ನು ಆಕಾಶಕ್ಕೆ ಹಿಡಿದಿದ್ದಾರೆ. ಒಂದು ಕೊಕ್ಕರೆ ಹಾರಿಹೋಗುವುದು ಮಾತ್ರ ಚೆನ್ನಾಗಿ ಬಂದಿದೆ.

ಅದಕ್ಕೇ ಈಗ ತಿರುಗಾಟದಲ್ಲಿ ಜಾಗ ಅದಲುಬದಲು ಮಾಡಿಕೊಂಡಿದ್ದೇನೆ. ಅವಳು ಮುಂದೆ, ನಾನು ಹಿಂದೆ. ಎಷ್ಟು ಬೇಕೋ ಅಷ್ಟು ನೋಡಬಹುದು ಎಂಬ ಲೆಕ್ಕ. ಗಟ್ಟಿ, ಎಳೆತ. ಎಳೆತ ಇನ್ನೂ ಇದೆ, ಆದರೆ ಅದು ಈಗ ಬಹಳ ಮುಂದೆ ಕೇಳಿಸುತ್ತದೆ. ನನ್ನ ಮೊಣಕಾಲು ಸೇತುವೆಯ ಹತ್ತಿರವೇ ಕೈಕೊಡುತ್ತದೆ. ನಿನ್ನೆಯೂ ಸೇತುವೆಯ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದೆ. ಅವಳು ಬನ್ನಿಗಿಡದ ಹತ್ತಿರದಿಂದ, ಹಿಂತಿರುಗಿ ನೋಡದೆಯೇ, ಕೂಗಿದಳು.

"ಆಯಿ, ಎಲ್ಲಿದ್ದೀ?"

"ಇಲ್ಲೇ ಅದೇನಿ" ಎಂದೆ.