ನಿಧಾನಪ್ಪನ ಗಾಡಿಗೆ ಶಕ್ತಿ ಬಂದದ್ದು

ಬಿಸಿಲುಗಾಲ ಮುಗಿಯುತ್ತ ಬಂದಿತ್ತು. ಶನಿವಾರ ಬೆಳಿಗ್ಗೆ, ಬೀದಿಯ ಜನ ಇನ್ನೂ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ ಹೊತ್ತು. ನಿಧಾನಪ್ಪ ತನ್ನ ಹಳೆಯ ಪಿಕಪ್ ಗಾಡಿಯ ಬಾನೆಟ್ ಎತ್ತಿ, ಬಾವಿಗೆ ಬಿಂದಿಗೆ ಬೀಳಿಸಿಕೊಂಡವನ ಹಾಗೆ ಒಳಗೆ ಬಗ್ಗಿ ನೋಡುತ್ತಿದ್ದ.

ನಿಧಾನಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗಾಡಿಯಿಂದ ಬಂದದ್ದು. ಹೊರೆ ಹೊತ್ತ ಗಾಡಿ ಏರು ಹತ್ತುವಾಗ ನಡೆದು ಹೋಗುವವರು ಅದನ್ನು ದಾಟಿ ಮುಂದೆ ಹೋಗಿ, ನೆರಳು ನೋಡಿ ಕೂತು, ಅದು ಹತ್ತಿರ ಬಂದ ಮೇಲೆ "ಬಂದ್ಯಾಪ್ಪ ನಿಧಾನಪ್ಪ" ಎಂದು ವಿಚಾರಿಸಿಕೊಳ್ಳುತ್ತಿದ್ದರು. ಅವನೂ ಅದಕ್ಕೆ ಒಗ್ಗಿಹೋಗಿದ್ದ.

ಆದರೆ ಈಗ ಬಂದಿದ್ದ ಪೇಚು ಬೇರೆ. ಊರಾಚೆ ದಿಬ್ಬದ ಮೇಲೆ ಹೊಸ ಮನೆಗಳು ಎದ್ದಿದ್ದವು. ಹೊಸ ಮನೆ ಎಂದ ಮೇಲೆ ಮನೆಗೊಂದು ಕಬ್ಬಿಣದ ಬೀರು ಬೇಕಲ್ಲ. ಬೀರು ಅಂಗಡಿಯ ಸಾಹುಕಾರರಿಗೆ ಅವನ್ನು ಮೇಲಕ್ಕೆ ಸಾಗಿಸುವ ಗಾಡಿ ಬೇಕಿತ್ತು. ವರ್ಷವಿಡೀ ನಡೆಯುವ ಕೆಲಸ. ನಿಧಾನಪ್ಪ ಹಿಂದಿನ ದಿನ ಒಂದೇ ಒಂದು ಬೀರು ಹೇರಿಕೊಂಡು ಹೊರಟಿದ್ದ. ಗಾಡಿ ಅರ್ಧ ದಿಬ್ಬಕ್ಕೆ ಏದುಸಿರು ಬಿಟ್ಟು ನಿಂತು, ಆಮೇಲೆ ಮರೆತದ್ದೇನೋ ನೆನಪಾದ ಹಾಗೆ ಹಿಂದಕ್ಕೇ ಇಳಿದು ಅಂಗಡಿಯ ಮುಂದೆ ಬಂದು ನಿಂತಿತ್ತು.

ಸಾಹುಕಾರರು ಬೈದಿರಲಿಲ್ಲ. "ನಾಳೆ ಸಂಜೆ ಮೂರು ಬೀರು ಹೇರಿಸ್ತೀನಿ. ಹತ್ತಿಸಿದ್ರೆ ದಿಬ್ಬದ ಕೆಲಸ ನಿಂದು. ಇಲ್ಲ ಅಂದ್ರೆ ನನ್ನ ದಾರಿ ನಾನು ನೋಡ್ಕೋತೀನಿ" ಎಂದಷ್ಟೇ ಹೇಳಿ ಒಳಗೆ ಹೋಗಿದ್ದರು.

"ಹೊಸ ಎಂಜಿನ್ ಹಾಕ್ಸಿ ಭಾವ" ಎಂದ, ಪಕ್ಕದಲ್ಲಿ ಟೀ ಕುಡಿಯುತ್ತ ನಿಂತಿದ್ದ ಭಾವಮೈದ. ಇವನು ಹೆಂಡತಿಯ ತಮ್ಮ. ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡು, ಗಾಡಿ ಕೊಡುವವರು ಯಾರಾದರೂ ಸಿಕ್ಕುವ ತನಕ ಅಂತ ಅಕ್ಕನ ಮನೆಗೆ ಬಂದು ಕೂತಿದ್ದ.

"ಹಾಕಿಸ್ತೀನಿ. ನಿನ್ನ ಮಾರಿದ್ರೆ ಎಷ್ಟು ಬರುತ್ತೆ ಹೇಳು."

ಅಷ್ಟರಲ್ಲಿ ಎದುರು ಮನೆಯ ಗೇರಜ್ಜ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು. ಬಸ್ಸು ಓಡಿಸಿ ನಿವೃತ್ತರಾದವರು. ಈಗಲೂ ಮಾತಾಡುವಾಗ ಅವರ ಎಡಗೈ ಗಾಳಿಯಲ್ಲಿ ಗೇರು ಬದಲಾಯಿಸುತ್ತಲೇ ಇರುತ್ತಿತ್ತು. "ಹೊಸದೆಲ್ಲ ಯಾಕಯ್ಯ. ಎಂಜಿನ್ನಿಗೆ ಉಸಿರು ಸರಿಯಾಗಿ ಒಳಗೆ ಹೋಗ್ಬೇಕು, ಸರಿಯಾಗಿ ಹೊರಗೆ ಬರ್ಬೇಕು. ಮನುಷ್ಯರಿಗೂ ಅಷ್ಟೇ ಅಲ್ವಾ. ಕರಿ ಆ ಮೇಸ್ತ್ರೀನ."

ಬೀದಿ ತುದಿಯ ಗ್ಯಾರೇಜಿನ ಮೇಸ್ತ್ರಿ ಬಂದ. ಹೆಚ್ಚು ಮಾತಿನವನಲ್ಲ. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದ. ಒಳಗೆ ಹತ್ತಿ, ಹುಲ್ಲು, ಚಿಂದಿ ಬಟ್ಟೆ ಸೇರಿಸಿ ಯಾರೋ ಅಚ್ಚುಕಟ್ಟಾಗಿ ಹಾಸಿಗೆ ಮಾಡಿಟ್ಟಿದ್ದರು. ನಿಧಾನಪ್ಪನ ಹೆಂಡತಿ ಇಣುಕಿ ನೋಡಿದಳು.

"ಇಲಿ ಇಲ್ಲೇ ಬಾಣಂತನ ಮುಗಿಸ್ಕೊಂಡು ಹೋಗಿದೆ. ಇದು ನನ್ನ ನೀಲಿ ರವಿಕೆ ತುಂಡು ಕಣ್ರಿ. ನಾನು ಎರಡು ವರ್ಷದಿಂದ ಹುಡುಕ್ತಿದೀನಿ."

"ಸಿಕ್ತಲ್ಲ, ತಗೋ" ಎಂದ ನಿಧಾನಪ್ಪ.

ಮೇಸ್ತ್ರಿ ಹೊಸ ಫಿಲ್ಟರ್ ಹಾಕಿದ. ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ಬಿಚ್ಚಿ ತೊಳೆದ. ವಾಲ್ವ್‌ಗಳ ಸಡಿಲು ಸರಿಮಾಡಿದ. ಗೇರಜ್ಜನ ಒತ್ತಾಯಕ್ಕೆ, ಮಸಿ ಕಟ್ಟಿ ಮುಚ್ಚಿಹೋಗಿದ್ದ ಸೈಲೆನ್ಸರ್ ಕತ್ತರಿಸಿ ತೆಗೆದು, ಆ ಜಾಗಕ್ಕೆ ತೋಳು ದಪ್ಪದ ಕೊಳವೆ ಬೆಸುಗೆ ಹಾಕಿದ.

"ಸದ್ದು ಸ್ವಲ್ಪ ಜಾಸ್ತಿ ಆಗುತ್ತೆ" ಎಂದ ಮೇಸ್ತ್ರಿ.

ಸ್ಟಾರ್ಟ್ ಮಾಡಿದಾಗ ಮೂರು ಬೀದಿಯ ನಾಯಿಗಳು ಊರು ಬಿಟ್ಟವು. ಎಂಜಿನ್ನಿನ ಒಳಗೆ ಅಷ್ಟು ವರ್ಷ ಕೂತಿದ್ದ ಮಸಿ ಒಂದೇ ಸಲಕ್ಕೆ ಎದ್ದು, ಅಂಗಳದಲ್ಲಿ ಒಣಹಾಕಿದ್ದ ಬಿಳಿ ಹೊದಿಕೆಗಳನ್ನೆಲ್ಲ ಸವರಿಕೊಂಡು ಹೋಯಿತು. ಹೊದಿಕೆಗಳು ಎಮ್ಮೆಗಳ ಹಾಗೆ ಸಾಲಾಗಿ ತೂಗಾಡಿದವು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. "ಗಾಡಿಗೆ ಶಕ್ತಿ ಬಂತಾ?"

"ಬಂದ ಹಾಗಿದೆ."

"ಹಾಗಾದ್ರೆ ಈ ಬಟ್ಟೆ ಅದೇ ಒಗೀಲಿ."

ಗೇರಜ್ಜನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಶಕ್ತಿ ಜಾಸ್ತಿ ಮಾಡೋದು ಒಂದು ದಾರಿ, ಭಾರ ಕಮ್ಮಿ ಮಾಡೋದು ಇನ್ನೊಂದು. ಎರಡನೇದಕ್ಕೆ ಖರ್ಚೇ ಇಲ್ಲ" ಎಂದು ಎಡಗೈಯನ್ನು ಮೂರನೇ ಗೇರಿಗೆ ತಂದರು. ಕೇಳಿದ್ದೇ ತಡ, ಭಾವಮೈದ ಸ್ಪ್ಯಾನರ್ ಹಿಡಿದ. ಸ್ಟೆಪ್ನಿ ಇಳಿಯಿತು, ಜಾಕ್ ಇಳಿಯಿತು, ಎಡಗಡೆಯ ಬಾಗಿಲು ಇಳಿಯಿತು. ನಿಧಾನಪ್ಪ ಊಟ ಮಾಡಿ ಕೈ ತೊಳೆದು ಬರುವಷ್ಟರಲ್ಲಿ ಸೀಟುಗಳೆರಡೂ ಜಗುಲಿಯ ಮೇಲಿದ್ದವು. ಗೇರಜ್ಜ ಒಂದರಲ್ಲಿ ಒರಗಿ ನಿದ್ದೆ ಮಾಡುತ್ತಿದ್ದರು.

"ನಾನು ಎಲ್ಲಿ ಕೂರ್ಲೋ?"

"ಅಕ್ಕನ ಅಡುಗೆಮನೆ ಸ್ಟೂಲ್ ಹಾಕಿದೀನಿ ಭಾವ. ಹಗುರ ಇದೆ."

ಸಂಜೆ ಅಂಗಡಿಯ ಮುಂದೆ ಮೂರು ಬೀರು ಏರಿದವು. ಸಾಹುಕಾರರು ತಮ್ಮ ಸ್ಕೂಟರಿನಲ್ಲಿ ಹಿಂದೆ ಬಂದರು. ನಿಧಾನಪ್ಪ ಸ್ಟೂಲಿನ ಮೇಲೆ ಕೂತ. ಭಾವಮೈದ ಪಕ್ಕದಲ್ಲಿ ನೆಲಕ್ಕೇ ಕುಕ್ಕರಗಾಲಲ್ಲಿ ಕೂತ.

ಗಾಡಿ ಮೊದಲ ಗೇರಿನಲ್ಲಿ ಗುಡುಗುತ್ತ ದಿಬ್ಬ ಹಿಡಿಯಿತು. ನಿನ್ನೆ ನಿಂತ ಜಾಗ ಬಂತು, ದಾಟಿತು. ನಿಧಾನಪ್ಪನ ಎದೆ ಹಿಗ್ಗಿತು. ಅಲ್ಲಿಂದಾಚೆ ಏರು ಇನ್ನೂ ಕಡಿದು. ಗಾಡಿಯ ಮೂತಿ ಆಕಾಶ ನೋಡತೊಡಗಿದ್ದೇ, ಸ್ಟೂಲು ನಿಧಾನಪ್ಪನನ್ನು ಹೊತ್ತುಕೊಂಡು ಮೆಲ್ಲಗೆ ಹಿಂದಕ್ಕೆ ಜಾರಿತು. ಕೈಗಳು ಸ್ಟಿಯರಿಂಗಿಗೆ ನೇತುಹಾಕಿದ ಬಟ್ಟೆಯ ಹಾಗೆ ಚಾಚಿಕೊಂಡವು. ಕಾಲು ಗಾಳಿಯಲ್ಲಿತ್ತು.

"ಲೋ, ಆಕ್ಸಿಲರೇಟರ್ ಸಿಗ್ತಿಲ್ಲ ಕಣೋ. ಕೈಯಲ್ಲಿ ಒತ್ತು."

"ಯಾವುದು ಭಾವ, ಬಲಗಡೇದಾ?"

"ನಿನಗೆ ಲೈಸೆನ್ಸ್ ಕೊಟ್ಟೋನ್ಯಾರೋ. ಬಲಗಡೇದೇ. ಪೂರ್ತಿ ಒತ್ತು."

ಭಾವಮೈದ ಬೋರಲು ಬಿದ್ದು ಎರಡೂ ಕೈಯಿಂದ ಒತ್ತಿದ. ಗಾಡಿ ಒಮ್ಮೆ ಅಬ್ಬರಿಸಿ, ಹಗ್ಗ ಕಿತ್ತ ಹೋರಿಯಂತೆ ನುಗ್ಗಿ, ಮೂರು ಬೀರುಗಳನ್ನೂ ಹೊತ್ತು ದಿಬ್ಬದ ನೆತ್ತಿಯಲ್ಲಿ ನಿಂತಿತು. ಹೊಸ ಮನೆಗಳ ಜನ ಏನಾಯಿತೋ ಎಂದು ಹೊರಗೆ ಓಡಿ ಬಂದರು.

ಸಾಹುಕಾರರು ಸ್ಕೂಟರ್ ನಿಲ್ಲಿಸಿ ಗಾಡಿಗೆ ಒಂದು ಸುತ್ತು ಬಂದರು. "ಮೆಚ್ಚಿದೆ ಕಣಯ್ಯ. ಹೊಸ ಎಂಜಿನ್ನಾ?"

"ಎಲ್ಲಿಂದ ಬರ್ಬೇಕು ಸ್ವಾಮಿ. ಅದೇ ಎಂಜಿನ್ನು."

"ಮತ್ತೆ ಹೇಗೆ ಹತ್ತಿತು?"

ಇಷ್ಟು ವರ್ಷದಲ್ಲಿ ನಿಧಾನಪ್ಪನನ್ನು ಒಬ್ಬರೂ ಹೀಗೆ ಕೇಳಿರಲಿಲ್ಲ. ಅವನು ಉಬ್ಬಿಹೋದ. ಫಿಲ್ಟರಿನಿಂದ ಶುರುಮಾಡಿ ನಾಝಲ್, ವಾಲ್ವ್, ಕೊಳವೆಯ ದಪ್ಪ ಎಲ್ಲವನ್ನೂ ಬಿಡಿಸಿ ಹೇಳಿದ. ಕೊಳವೆ ಎಲ್ಲಿಂದ ಎಲ್ಲಿಗೆ ಬರಬೇಕೆಂದು ಬಾನೆಟ್ಟಿನ ಧೂಳಿನ ಮೇಲೆ ಬೆರಳಿನಿಂದ ಬರೆದೂ ತೋರಿಸಿದ. ಯಾರು ಮಾಡಿದ್ದು ಎಂದರೆ ಮೇಸ್ತ್ರಿಯ ಗ್ಯಾರೇಜಿನ ದಾರಿಯನ್ನೂ ಹೇಳಿದ. ಸಾಹುಕಾರರು ತಾಳ್ಮೆಯಿಂದ ತಲೆದೂಗುತ್ತ, ನಡುನಡುವೆ "ಖರ್ಚು ಇಷ್ಟೇನಾ?" ಎಂದು ಕೇಳುತ್ತ ನಿಂತರು.

"ಬಾ, ಅಂಗಡಿಗೆ ಹೋಗೋಣ" ಎಂದರು ಕೊನೆಗೆ.

ನಿಧಾನಪ್ಪ ಕೆಲಸ ಸಿಕ್ಕಿತೆಂದೇ ತಿಳಿದು ಭಾವಮೈದನನ್ನೂ ಕರೆದುಕೊಂಡು ಹಿಂದೆ ಹೋದ. ಸಾಹುಕಾರರು ಅವನನ್ನು ಅಂಗಡಿಯ ಹಿತ್ತಿಲಿಗೆ ಕರೆದೊಯ್ದು, ಮೂಲೆಯಲ್ಲಿದ್ದ ದೊಡ್ಡ ಟಾರ್ಪಾಲಿನ ಅಂಚು ಎತ್ತಿದರು. ಅಡಿಯಲ್ಲಿ ಒಂದು ಪಿಕಪ್ ಗಾಡಿ. ನಿಧಾನಪ್ಪನ ಗಾಡಿಯದೇ ಜಾತಿ, ಅದೇ ವಯಸ್ಸು.

"ನಂದೇ ಇದು. ದಿಬ್ಬ ಹತ್ತಲ್ಲ ಅಂತ ಮೂಲೆಗೆ ತಳ್ಳಿದ್ದೆ. ಎಂಜಿನ್ ಬದಲಾಯಿಸ್ಬೇಕು ಅಂತ ಯಾರೋ ಹೆದರಿಸಿಬಿಟ್ಟಿದ್ರು. ನೀನು ಕಣ್ಣು ತೆರೆಸಿದೆ ಮಾರಾಯ. ನಾಳೇನೇ ಮೇಸ್ತ್ರೀನ ಕರೆಸ್ತೀನಿ."

ನಿಧಾನಪ್ಪ ಟಾರ್ಪಾಲಿನ ಅಂಚನ್ನು ಮತ್ತೆ ಕೆಳಗೆಳೆದ. "ಹತ್ತಿಸಿದ್ರೆ ಕೆಲಸ ನಂದು ಅಂದಿದ್ರಲ್ಲ ಸ್ವಾಮಿ."

"ಅಂದಿದ್ದೆ, ಇಲ್ಲ ಅನ್ನಲ್ಲ. ಆದ್ರೆ ಹತ್ತಿಸಿದ್ದು ನೀನಲ್ಲವಲ್ಲ. ಸ್ಕೂಟರಿಂದ ನೋಡ್ತಾನೇ ಇದ್ದೆ, ಆ ಕಡೆ ಬಾಗಿಲೇ ಇರ್ಲಿಲ್ಲ. ಒತ್ತಿದ್ದು ಇವನು." ಸಾಹುಕಾರರು ಭಾವಮೈದನ ಕಡೆ ತಿರುಗಿದರು. "ಲೈಸೆನ್ಸ್ ಇದೆಯೇನಪ್ಪ?"

ಭಾವಮೈದ ಭಾವನ ಮುಖ ನೋಡಿದ, ನೆಲ ನೋಡಿದ, ಆಮೇಲೆ ಜೇಬಿನಿಂದ ಲೈಸೆನ್ಸ್ ತೆಗೆದು ತೋರಿಸಿದ.

ಸುದ್ದಿ ಕೇಳಿ ಹೆಂಡತಿ ಗಂಡನಿಗಾಗಿ ಒಂದು ಗಳಿಗೆ ಬೇಸರ ಮಾಡಿಕೊಂಡಳು, ತಮ್ಮನಿಗಾಗಿ ರಾತ್ರಿಯಿಡೀ ಸಂತೋಷಪಟ್ಟಳು. ಭಾನುವಾರ ಮೇಸ್ತ್ರಿ ಸಾಹುಕಾರರ ಹಿತ್ತಿಲಲ್ಲಿದ್ದ. ಗೇರಜ್ಜನೂ ಅಲ್ಲೇ ಇದ್ದರು, ಸಲಹೆ ಕೊಡಲು.

ಸೋಮವಾರ ಬೆಳಿಗ್ಗೆ ಭಾವಮೈದ ಸಾಹುಕಾರರ ಗಾಡಿಗೆ ಮೂರು ಬೀರು ಹೇರಿಕೊಂಡು ದಿಬ್ಬಕ್ಕೆ ಹೊರಟ. ಅಂಗಡಿಯ ಓಣಿಯಿಂದ ರಿವರ್ಸ್ ತೆಗೆಯುವುದು ಅವನಿಗೆ ಬರುತ್ತಿರಲಿಲ್ಲ. ನಿಧಾನಪ್ಪನೇ ಹಿಂದೆ ನಿಂತು "ಬರ್ಲಿ, ಬರ್ಲಿ, ಸ್ವಲ್ಪ ಬಲಕ್ಕೆ, ಇನ್ನೂ ಬರ್ಲಿ" ಎಂದು ಕೈ ಬೀಸಿ ರಸ್ತೆಗೆ ಹತ್ತಿಸಿ ಕಳಿಸಿದ.