ಮೂರನೆಯ ಸಲಕ್ಕೆ ಕಾದವನು

ಚೀನೀ ಭಾಷೆಯಲ್ಲಿ ನನಗೆ ಬರುವುದು ಒಂದೇ ಶಬ್ದ. ಮನೆಯ ಶಾಂತಿ ಕೆಡಿಸಲು ಅಷ್ಟೇ ಸಾಕಾಯಿತು.

‘ಕ-ಛಿ’. (ಹೇಳುವಾಗ ಮುಖ ಸಿಂಡರಿಸಬಾರದು.) ಕಲಿಸಿದವರು ಬಹ್ರೇನಿನ ಹಿದ್ ಪಟ್ಟಣದ ನಮ್ಮ ಆಫೀಸಿನ ಚೆನ್ ಮೇಡಂ. ಅದರರ್ಥ ಅತಿಥಿ ತೋರಿಸುವ ಸಂಕೋಚ, ಮರ್ಯಾದೆ. ಅವರ ಊರಲ್ಲಿ ಯಾರೇ ಏನೇ ಕೊಟ್ಟರೂ ಎರಡು ಸಲ ಬೇಡ ಎನ್ನಬೇಕಂತೆ. ಕೊಡುವವರು ‘ಬೂ-ಯಾವ್ ಕ-ಛಿ’, ಅಂದರೆ ಸಂಕೋಚ ಬೇಡ, ಎಂದು ಒತ್ತಾಯಿಸಬೇಕಂತೆ. ಮೂರನೆಯ ಸಲ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕಂತೆ.

ಮೇಡಂ ಬಹ್ರೇನ್ ಬಿಟ್ಟು ಊರಿಗೆ ಹೊರಟಾಗ ಊಟಕ್ಕೆ ಕರೆದೆವು. ಅವರ ಹೊಲಿಗೆ ಮೆಷಿನ್ ಮೇಲೆ ನನ್ನ ಹೆಂಡತಿ ಕ್ಲೊಟಿಲ್ಡಾಳಿಗೆ ವರ್ಷದಿಂದ ಕಣ್ಣು. ಮಗಳು ಜೋಯ್ಲಿನ್ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸುವ ದಿನದ ಬಿಳಿ ಫ್ರಾಕನ್ನು ಕೈಯಾರೆ ಹೊಲಿಯಬೇಕೆಂಬ ಆಸೆ.

“ಮೇಡಂ ಕೊಟ್ಟರೂ ಕೊಡ್ಬಹುದು. ನೀವು ಬಾಯಿ ಮುಚ್ಚಿ ಕೂತ್ಕೊಳ್ಳಿ, ಆಯ್ತಾ?”

“ಕೊಟ್ಟ ಕೂಡ್ಲೇ ಬಾಚಿಕೊಳ್ಳೋದಾ? ನಮ್ಮ ದೇಶದ ಮಾನ ಎಂತ ಆಗ್ಬೇಕು ಮಾರಾಯ್ತಿ?”

ಕ್ಲೊಟಿಲ್ಡಾ ಅಡುಗೆಮನೆಯಲ್ಲಿ ಕಾಣೆ ಮೀನು ಮಗುಚುತ್ತಿದ್ದಾಗ ಮೇಡಂ ಹೇಳಿಯೇಬಿಟ್ಟರು: “ರೊಕಿ, ನನ್ನ ಮೆಷಿನ್ ನಿಮಗಿರಲಿ.”

ನಾನು ಭಾರತದ ರಾಯಭಾರಿಯಂತೆ ಎದ್ದು ನಿಂತೆ. “ಬೇಡ, ಬೇಡ!”

“ನಿಜವಾಗಿ. ನನಗೆ ಒಯ್ಯಲಿಕ್ಕಾಗುವುದಿಲ್ಲ.”

“ಸಾಧ್ಯವೇ ಇಲ್ಲ!”

ಒಳಗೆ ಸೌಟು ನೆಲಕ್ಕೆ ಬಿತ್ತು. ನಾನು ವಿಚಲಿತನಾಗಲಿಲ್ಲ. ‘ಆಯ್ತು’ ಎನ್ನಲು ತುಟಿ ಹದ ಮಾಡಿಕೊಂಡು, ಮೂರನೆಯ ಸಲಕ್ಕೆ ಕಾದೆ.

ಮೇಡಂ ಪಕ್ಕಕ್ಕೆ ತಿರುಗಿದರು. ಅಲ್ಲಿ ಊಟಕ್ಕೆ ಕೂತಿದ್ದವಳು ಕೆಳಮನೆಯ ಭಟ್ಕಳದ ನುಸ್ರತ್. “ನಿಮಗೆ ಬೇಕಾ?”

“ಬೇಕು ಮೇಡಂ! ಇವತ್ತೇ ನಿಮ್ಮಲ್ಲಿಗೆ ಬಂದು ತಗೊಂಡು ಹೋಗ್ಲಾ?”

ಮೇಡಂ ಹೊರಡುವಾಗ ಮೆಟ್ಟಿಲಲ್ಲಿ ಹಿಡಿದು ಕೇಳಿದೆ. “ಮೂರನೆಯ ಸಲ ಎಲ್ಲಿ ಹೋಯಿತು ಮೇಡಂ?”

“ಅದು ನಮ್ಮ ಊರಿನಲ್ಲಿ, ರೊಕಿ! ಇಲ್ಲಿ ಒಂಬತ್ತು ವರ್ಷ ಆಯಿತು. ಬೇಡ ಅಂದರೆ ಬೇಡ ಅಂತಲೇ ತಿಳಿಯುವುದು ಅಭ್ಯಾಸವಾಗಿದೆ.”

ಕಾರಿದ್ದದ್ದು ನನಗೆ ಮಾತ್ರ. ಹಾಗಾಗಿ ಮೆಷಿನನ್ನು ಮೇಡಂ ಮನೆಯಿಂದ ನುಸ್ರತ್‌ಳ ಬಾಗಿಲಿಗೆ ಹೊತ್ತು ತಂದ ಮಹಾವೀರನೂ ನಾನೇ. ಬೆವರು ಸುರಿಯುತ್ತಿದ್ದ ನನ್ನನ್ನು ನೋಡಿ ಅವಳಿಗೆ ಕನಿಕರ ಬಂತು.

“ರೊಕಿ ಅಣ್ಣಾ, ಕ್ಲೊಟಿಲ್ಡಕ್ಕನ ಮುಖ ನೋಡಿದೆ. ಅವರಿಗೆ ಬೇಕಿದ್ರೆ ನೀವೇ ಇಟ್ಕೊಳ್ಳಿ. ನಂಗೆ ಬೇಜಾರಿಲ್ಲ.”

“ಛೆ ಛೆ, ಬೇಡ ಬೇಡ!” ಎಂದಿತು ನನ್ನ ಬಾಯಿ, ನನ್ನನ್ನು ಕೇಳದೆ.

ಇನ್ನೊಂದು ಸಲ ಹೇಳಲಿ ಎಂದು ನಗುತ್ತಾ ನಿಂತೆ. ಅವಳು ಮೆಷಿನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.