ಕಾದ ಲೋಹದಿಂದ ಸೆನ್ಸರನ್ನೂ ಕೌಂಟರಿನಿಂದ ತಮ್ಮನನ್ನೂ ಬಿಡಿಸುವ ಬಗ್ಗೆ

ಇಂದ:
ಹಿರಿಯ ಮೆಕ್ಯಾನಿಕ್, ಗಿರಾಕಿಗಳ ಬಾಯಲ್ಲಿ 'ಕುಕ್ಕರ್',
ಸದ್ಯ ಬಿಲ್ ಕೌಂಟರಿನ ಹಿಂದೆ, ಫ್ಯಾನ್ ಗಾಳಿ ತಾಗದ ಮೂಲೆ.

ಗೆ:
ಗ್ಯಾರೇಜಿನ ಮಾಲೀಕರು, ಅರ್ಜಿದಾರನ ಒಡಹುಟ್ಟಿದ ಅಕ್ಕ,
ಗಾಜಿನ ಕೋಣೆ, ಕೂಗಿದರೆ ಕೇಳಿಸುವಷ್ಟು ದೂರ.

ವಿಷಯ: ಹಲ್ಲಿನ ಡಾಕ್ಟರ ಟರ್ಬೊ ಕಾರಿನಲ್ಲಿ ಗಾಳಿಯ ಬಿಸಿ ಅಳೆಯುವ ಸೆನ್ಸರನ್ನು ಬೇರೆ ಜಾಗದಲ್ಲೂ, ಅರ್ಜಿದಾರನನ್ನು ಮೊದಲಿನ ಜಾಗದಲ್ಲೂ ಕೂರಿಸಲು ಅನುಮತಿ.

ಉಲ್ಲೇಖ: ತಮ್ಮ ಮೌಖಿಕ ಆದೇಶ: "ಇನ್ಮೇಲೆ ನನ್ನ ಮುಂದೆ ಬಾಯಿ ತೆಗೀಬೇಡ. ಏನಿದ್ರೂ ಬರೆದು ಕೊಡು."

ಮಾನ್ಯ ಅಕ್ಕನವರೇ,

೧. ಎಂಜಿನ್ನಿಗೆ ಹೋಗುವ ಗಾಳಿ ಎಷ್ಟು ಬಿಸಿ ಎಂದು ಕಂಪ್ಯೂಟರಿಗೆ ಹೇಳುವ ಸೆನ್ಸರನ್ನು ತಾವು ಎಂಜಿನ್ನಿನ ಮೈಗೇ ಅಂಟಿದ ಮ್ಯಾನಿಫೋಲ್ಡ್ ಎಂಬ ಲೋಹದ ಕೊಳವೆಯಲ್ಲಿ ಹಾಕಿಸಿದಿರಿ. ಕಾರಣ, ಅಲ್ಲಿ ಮೊದಲೇ ಒಂದು ತೂತು ಇತ್ತು. "ಇರೋ ತೂತು ಬಿಟ್ಟು ಹೊಸದು ಯಾಕೋ ಕೊರೀತೀಯ?" ಎಂದು ಅಪ್ಪಣೆಯಾಯಿತು.

೨. ಡಾಕ್ಟರು ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ಕಾಯುತ್ತದೆ, ಲೋಹ ಕಾಯುತ್ತದೆ, ಅದರ ಸಹವಾಸಕ್ಕೆ ಸೆನ್ಸರೂ ಕಾಯುತ್ತದೆ. ಗಾಳಿ ತಣ್ಣಗಿದ್ದರೂ 'ಬೆಂಕಿ, ಬೆಂಕಿ' ಎಂದು ಬೊಬ್ಬೆ ಹೊಡೆಯುತ್ತದೆ. ಕಂಪ್ಯೂಟರು ಹೆದರಿ ಎಂಜಿನ್ನಿನ ಕೈಕಾಲು ಕಟ್ಟುತ್ತದೆ. ಆದ್ದರಿಂದಲೇ ಡಾಕ್ಟರು ಬಂದು, "ಹಸಿರು ದೀಪ ಬಂದ್ರೆ ಮಲಗಿದ್ದ ಎಮ್ಮೆ ಎದ್ದ ಹಾಗೆ ಏಳುತ್ತೆ ರೀ" ಎಂದರು.

೩. ಆಗ ಅರ್ಜಿದಾರನು ಅವರ ಎದುರಿಗೇ, "ಬಾಣಲೆಗೆ ಥರ್ಮಾಮೀಟರ್ ಇಟ್ಟು ಊರಿಗೆಲ್ಲ ಜ್ವರ ಅಂತಾಳೆ ನಮ್ಮಕ್ಕ!" ಎಂದು ಕೂಗಿದ್ದು ನಿಜ. ಮಾತು ಸರಿ, ಆಡಿದ ಜಾಗ ತಪ್ಪು. ಸ್ಪ್ಯಾನರ್ ಎಸೆದನೆಂಬುದು ಶುದ್ಧ ಸುಳ್ಳು. ಅದು ಕೈಜಾರಿ ಅಷ್ಟು ದೂರ ಹೋಯಿತು.

೪. ಅಂದಿನಿಂದ ಅರ್ಜಿದಾರನಿಗೆ ಕೌಂಟರ್ ಕೆಲಸ, ತಮ್ಮದು ಮೌನ. ಊಟದ ಮೇಜಿನಲ್ಲೂ, "ಅವನಿಗೆ ಉಪ್ಪು ಬೇಕೇನು ಕೇಳಿ" ಎಂದು ಭಾವನ ಮೂಲಕ ವಿಚಾರಣೆ. ವೆಲ್ಡರ್ ಆಗಿ ಬೆಂಕಿಗೆ ಹೆದರದ ಭಾವನೇ, "ನನ್ನನ್ನ ನಿಮ್ಮಿಬ್ಬರ ಮಧ್ಯದ ಗ್ಯಾಸ್ಕೆಟ್ ಮಾಡಬೇಡಿ, ಎರಡೂ ಕಡೆ ಸುಡುತ್ತೆ" ಎಂದು ಕೈಮುಗಿದಿದ್ದಾನೆ.

೫. ಕೌಂಟರ್ ಕೆಲಸ ಅರ್ಜಿದಾರನಿಗೆ ಒಗ್ಗಿಲ್ಲ. ನಿನ್ನೆ ಒಬ್ಬ ಗಿರಾಕಿಗೆ "ಕೂತ್ಕೊಳ್ಳಿ" ಎಂದು ಮೆಲ್ಲಗೇ ಹೇಳಿದ. ಕೂತಿದ್ದವರೂ ಎದ್ದು ನಿಂತರು.

೬. ಸೆನ್ಸರಿನ ವಿಷಯಕ್ಕೆ ಬಂದರೆ, ಅದು ಇರಬೇಕಾದ್ದು ಟರ್ಬೊ ಒತ್ತಿ ಬಿಸಿಮಾಡಿದ ಗಾಳಿಯನ್ನು ಇಂಟರ್‌ಕೂಲರ್ ತಣಿಸಿದ ಮೇಲೆ, ಎಂಜಿನ್ನಿನ ಬಾಗಿಲಿಗೆ ಮುಂಚೆ ಬರುವ ಪೈಪಿನಲ್ಲಿ. ತುದಿ ಗಾಳಿಯ ನಡುವೆ ಚಾಚಿರಬೇಕು, ಮೂಲೆಯಲ್ಲಿ ಮುದುಡಬಾರದು. ಟರ್ಬೊಗೆ ಮುಂಚೆಯೇ ಹಾಕಿದರೆ ರಸ್ತೆಯ ಹವಾಮಾನ ತಿಳಿದೀತು, ಅಷ್ಟೇ. ಮುಚ್ಚಿದ ತುದಿಯ ಹಿತ್ತಾಳೆ ಸೆನ್ಸರ್ ಗಟ್ಟಿ, ಆದರೆ ಮಹಾ ಸೋಮಾರಿ. ಮದುವೆ ಮುಗಿದ ಮೇಲೆ ಕರೆಯೋಲೆ ತರುವ ಜಾತಿ. ಆದ್ದರಿಂದ ಪ್ಲಾಸ್ಟಿಕ್ ಮೈಯ, ತುದಿ ತೆರೆದದ್ದೇ ಆಗಬೇಕು. ಪೈಪನ್ನು ಬಿಚ್ಚಿಯೇ ಕೊರೆಯಬೇಕು. ಕಾರಿನಲ್ಲೇ ಕೊರೆದರೆ ಲೋಹದ ಚೂರು ಎಂಜಿನ್ನಿನ ಹೊಟ್ಟೆಗೆ ಹೋಗುತ್ತದೆ.

೭. ತಮ್ಮ ಅನುಮತಿ ಬರುವುದರೊಳಗೆ ಸದರಿ ಪೈಪು ಬಿಚ್ಚಿಕೊಂಡು, ಕೊರೆಸಿಕೊಂಡು, ಭಾವನ ಕೈಯಲ್ಲಿ ಸೆನ್ಸರ್ ಕೂರುವ ಬಳೆ ವೆಲ್ಡ್ ಮಾಡಿಸಿಕೊಂಡೂ ಆಗಿಬಿಟ್ಟಿದೆ. ಭಾವನದು ತಪ್ಪಿಲ್ಲ. "ಅಕ್ಕ ಹೂಂ ಅಂದಿದ್ದಾಳೆ" ಎಂದು ಅರ್ಜಿದಾರ ಹೇಳಿದ್ದ. ಆದ್ದರಿಂದ ತಾವು ಹೂಂ ಎನ್ನುವುದೊಂದೇ ಬಾಕಿ.

೮. ಇನ್ನು ಉಳಿದದ್ದು ಆ ಹಳೆಯ ತೂತು. ಅದು ಎಂಜಿನ್ನಿನ ಹಿಂದೆ, ಕತ್ತಲಲ್ಲಿದೆ. ಅದನ್ನು ಮುಚ್ಚುವ ಬಿರಡೆ ತಿರುಗಿಸುವಾಗ ಯಾರಾದರೂ ಟಾರ್ಚ್ ಹಿಡಿಯಬೇಕು. ಭಾವ ಹಿಡಿದರೆ ಬೆಳಕು ಅರ್ಜಿದಾರನ ಮೂಗಿನ ಮೇಲೆ ಬೀಳುತ್ತದೆ. ಹೇಳುವ ಮುಂಚೆಯೇ ಬೇಕಾದ ಕಡೆ ಬೆಳಕು ಬಿಡುವ ಕೈ ಈ ಗ್ಯಾರೇಜಿನಲ್ಲಿ ಒಂದೇ ಇದೆ. ಅದು ಈಗ ಗಾಜಿನ ಕೋಣೆಯಲ್ಲಿ ಪೆನ್ನು ಹಿಡಿದು ಕೂತಿದೆ.

ಆದ್ದರಿಂದ ಕಾರನ್ನು ಪರೀಕ್ಷೆಗೆ ಓಡಿಸುವಾಗ ತಾವು ಪಕ್ಕದ ಸೀಟಿನಲ್ಲಿದ್ದು, ಸಿಗ್ನಲ್ಲಿನಲ್ಲಿ ಎಮ್ಮೆ ಹೇಗೆ ಏಳುತ್ತದೆಂದು ಖುದ್ದು ನೋಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಬೇರೆಲ್ಲೂ ಕೆಲಸ ಕೇಳದ ತಮ್ಮ

ಲಗತ್ತುಗಳು:
ಹಳೆಯ ಸೆನ್ಸರ್.
ಕೈಜಾರಿದ ಸ್ಪ್ಯಾನರ್ (ತಮ್ಮ ವಶದಲ್ಲೇ ಇರಲಿ).
ಟಾರ್ಚ್, ಹೊಸ ಸೆಲ್ ಹಾಕಿದ್ದು.

ವಿಶೇಷ ಸೂಚನೆ: ಅರ್ಜಿಯನ್ನು ತಿರಸ್ಕರಿಸುವುದಾದರೆ ದಯವಿಟ್ಟು ಬರಹದಲ್ಲಿ ಬೇಡ. ಇಲ್ಲಿಯವರೆಗೆ ಬಂದು, ಬಾಯ್ತುಂಬ ಬೈದೇ ತಿರಸ್ಕರಿಸಬೇಕಾಗಿ ಕೋರಿಕೆ.